ಮಂಜು, ಎಲೆ, ಆನೆ: ಚಲನೆ ಅಳೆಯುವ ಏಳು ಅಂಕಿಗಳ ಚರಿತ್ರೆ

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ)

 

ಇವತ್ತಿನ ಸಂಚಿಕೆ ಏಳು ಅಂಕಿಗಳ ಬಗ್ಗೆ. ಮೊದಲು ಅವನ್ನ ಓದಿಬಿಡ್ತೀನಿ: 0.5, 3, 15, 3, 5, 1.2, 0. ಲಾಟರಿ ನಂಬರ್ ಅಲ್ಲ, ಯಾರದೋ ಒಟಿಪಿಯೂ ಅಲ್ಲ. ಕಂಪ್ಯೂಟರಿಗೆ ವಿಡಿಯೋ ನೋಡೋದು ಕಲಿಸಬೇಕು ಅಂತ ಹೊರಟ ಹುಡುಗ ಹುಡುಗಿಯರೆಲ್ಲ ಒಂದಲ್ಲ ಒಂದು ದಿನ ಈ ಸಾಲನ್ನ ಹಾಗೇ ನಕಲು ಮಾಡಿ ಅಂಟಿಸಿರ್ತಾರೆ. ಓಪನ್‌ಸಿವಿ ಅನ್ನೋ ಉಚಿತ ತಂತ್ರಾಂಶದಲ್ಲಿ ಫಾರ್ನೆಬ್ಯಾಕ್ ಅನ್ನೋ ವಿಧಾನಕ್ಕೆ ಕೊಡೋ ಏಳು ಸೂಚನೆಗಳಿವು. ಇವನ್ನ ಕೊಟ್ಟರೆ ವಿಡಿಯೋದ ಪ್ರತಿಯೊಂದು ಚುಕ್ಕೆಯೂ ಹಿಂದಿನ ಚಿತ್ರದಿಂದ ಈಗಿನ ಚಿತ್ರಕ್ಕೆ ಎಷ್ಟು ಸರಿದಿದೆ, ಯಾವ ದಿಕ್ಕಿಗೆ ಸರಿದಿದೆ ಅಂತ ಕಂಪ್ಯೂಟರ್ ಹೇಳತ್ತೆ. ಇದಕ್ಕೆ ಡೆನ್ಸ್ ಆಪ್ಟಿಕಲ್ ಫ್ಲೋ ಅಂತಾರೆ. ನಾನು ಇವತ್ತು ಸುಲಭಕ್ಕೆ 'ಚಲನೆಯ ಹರಿವು' ಅಂತೀನಿ.

ಇದನ್ನ ಯಾವ ಊರಿನಲ್ಲಿ ನಿಂತು ಹೇಳೋದು ಅಂತ ಯೋಚಿಸಿದೆ. ಬೆಂಗಳೂರಿನ ಟ್ರಾಫಿಕ್ ಸಿಗ್ನಲ್ ಸುಲಭದ ಉದಾಹರಣೆ. ಆದ್ರೆ ನಾನು ಆರಿಸಿಕೊಂಡಿದ್ದು ಸಕಲೇಶಪುರ ಮತ್ತು ಆಲೂರಿನ ಗುಡ್ಡಗಳನ್ನ. ಯಾಕಂದ್ರೆ 'ಅಲ್ಲಿ ಏನೋ ಅಲ್ಲಾಡ್ತು' ಅನ್ನೋ ಮಾತಿಗೆ ಅಲ್ಲಿರೋ ತೂಕ ಬೇರೆ ಕಡೆ ಕಡಿಮೆ.

ಅಲ್ಲಾಡಿದ್ದು ಏನು?

ಬೆಳಗ್ಗೆ ಏಳು ಗಂಟೆ. ಕಾಫಿ ತೋಟಕ್ಕೆ ಕೆಲಸಕ್ಕೆ ಹೋಗೋ ಹೆಂಗಸರು ಲೈನ್ ಮನೆಗಳಿಂದ ಹೊರಡ್ತಾರೆ. ಶಾಲೆ ಮಕ್ಕಳು ಬಸ್ಸಿಗೆ ನಡೀತಾರೆ. ಮಂಜು ಇನ್ನೂ ಎದ್ದಿರಲ್ಲ. ಕಾಫಿ ಗಿಡ ಆಳೆತ್ತರ, ಮೇಲೆ ಸಿಲ್ವರ್ ಓಕ್, ಅದಕ್ಕೆ ಹಬ್ಬಿದ ಮೆಣಸಿನ ಬಳ್ಳಿ. ಇಪ್ಪತ್ತು ಅಡಿ ದೂರದಲ್ಲಿ ಆನೆ ನಿಂತಿದ್ದರೂ ಕಾಣಲ್ಲ. ಇದು ಅಲ್ಲಿನ ದಿನನಿತ್ಯ.

ಈ ಸ್ಥಿತಿಗೂ ಒಂದು ಚರಿತ್ರೆ ಇದೆ. 19ನೇ ಶತಮಾನದಲ್ಲಿ ಮಂಜರಾಬಾದ್ ಸೀಮೆಗೆ ಯುರೋಪಿನ ಕಾಫಿ ಬೆಳೆಗಾರರು ಬಂದರು. ಕಾಡಿನ ನೆರಳಲ್ಲೇ ತೋಟ ಎದ್ದಿತು. 1979ರಲ್ಲಿ ಗೊರೂರಿನ ಬಳಿ ಹೇಮಾವತಿ ಅಣೆಕಟ್ಟು ಮುಗಿಯಿತು. ಹಿನ್ನೀರು ಆಲೂರು, ಸಕಲೇಶಪುರದ ಕಡೆಗೆ ಚಾಚಿತು. ಕಾಡು ಚೂರುಚೂರಾಗಿ, ನಡುವೆ ತೋಟ, ಗದ್ದೆ, ನೀರು ಬಂದು, ಆನೆಗಳು ತೋಟವನ್ನೇ ಮನೆ ಮಾಡಿಕೊಂಡವು. ಹೈಕೋರ್ಟ್ ಸೂಚನೆಯಂತೆ ರಚನೆಯಾದ, ಭಾರತೀಯ ವಿಜ್ಞಾನ ಸಂಸ್ಥೆಯ ರಾಮನ್ ಸುಕುಮಾರ್ ಅಧ್ಯಕ್ಷತೆಯ ಆನೆ ಕಾರ್ಯಪಡೆ 2012ರಲ್ಲಿ ವರದಿ ಕೊಟ್ಟು, ಆಲೂರು ಭಾಗದ ಆನೆಗಳನ್ನ ಹಿಡಿದು ಬೇರೆಡೆಗೆ ಸಾಗಿಸಿ ಅಂತ ಹೇಳಿತು. ಮುಂದಿನ ಎರಡು ವರ್ಷಗಳಲ್ಲಿ ಇಪ್ಪತ್ತಕ್ಕೂ ಹೆಚ್ಚು ಆನೆ ಹಿಡಿದರು. ಖಾಲಿಯಾದ ಜಾಗಕ್ಕೆ ಮತ್ತೆ ಆನೆಗಳೇ ಬಂದವು.

2023 ನಿಮಗೆ ನೆನಪಿರತ್ತೆ. ಆಗಸ್ಟ್‌ನಲ್ಲಿ ಆಲೂರು ತಾಲ್ಲೂಕಿನಲ್ಲಿ, ಗಾಯಗೊಂಡ ಆನೆಗೆ ಅರಿವಳಿಕೆ ಮದ್ದು ಹೊಡೆಯೋಕೆ ಹೋಗಿದ್ದ, ಊರವರೆಲ್ಲ 'ಆನೆ ವೆಂಕಟೇಶ್' ಅಂತ ಕರೀತಿದ್ದ ಅನುಭವಿ ಅದೇ ಆನೆಯ ದಾಳಿಗೆ ಸಿಕ್ಕಿ ತೀರಿಕೊಂಡರು. ಡಿಸೆಂಬರ್ 4ರಂದು ಸಕಲೇಶಪುರ ತಾಲ್ಲೂಕಿನ ಯಸಳೂರು ವಲಯದಲ್ಲಿ, ಮೈಸೂರು ದಸರಾದಲ್ಲಿ ಎಂಟು ಸಲ ಅಂಬಾರಿ ಹೊತ್ತ ಅರ್ಜುನ ಕಾಡಾನೆಯ ಜೊತೆ ಕಾದಾಡಿ ಸತ್ತಿತು. ಆನೆಯ ಬಗ್ಗೆ ಎಲ್ಲಾ ಗೊತ್ತಿದ್ದ ಮನುಷ್ಯ, ಕಾಡಾನೆ ಹಿಡಿಯೋದರಲ್ಲಿ ಪಳಗಿದ ಆನೆ, ಇಬ್ಬರೂ ನಾಲ್ಕೇ ತಿಂಗಳಲ್ಲಿ ಹೋದರು.

ಹಾಗಾಗಿ ಆ ಭಾಗದಲ್ಲಿ ಮುನ್ಸೂಚನೆಗೆ ಇಷ್ಟು ಬೆಲೆ. ಅರಣ್ಯ ಇಲಾಖೆ ಮತ್ತು ನೇಚರ್ ಕನ್ಸರ್ವೇಶನ್ ಫೌಂಡೇಶನ್ ಸೇರಿ ಹಾಸನದ ಹಳ್ಳಿಗಳಿಗೆ ಎಸ್‌ಎಂಎಸ್, ಧ್ವನಿ ಕರೆ, ರಸ್ತೆ ಬದಿಯ ಎಲ್‌ಇಡಿ ಫಲಕಗಳ ಮೂಲಕ 'ಇಲ್ಲಿ ಆನೆ ಇದೆ' ಅಂತ ತಿಳಿಸೋ ವ್ಯವಸ್ಥೆ ಬೆಳೆಸಿವೆ. ಅದರ ಜೀವಾಳ ಇವತ್ತಿಗೂ ಮನುಷ್ಯರೇ: ಹೆಜ್ಜೆ, ಲದ್ದಿ, ಮುರಿದ ಬೈನೆ ಮರ ನೋಡಿ ಆನೆ ಎತ್ತ ಹೋಗಿದೆ ಅಂತ ಹೇಳಬಲ್ಲ ಟ್ರ್ಯಾಕರ್‌ಗಳು, ಜೊತೆಗೆ ಕೆಲವು ಆನೆಗಳ ಕೊರಳಿನ ರೇಡಿಯೋ ಕಾಲರ್. ಆದ್ರೆ ಕ್ಯಾಮೆರಾ ಅಗ್ಗವಾಗಿದೆ. 'ತೋಟದ ಗೇಟಿಗೆ ಒಂದು ಕ್ಯಾಮೆರಾ, ಅದರ ಹಿಂದೆ ಒಂದು ಪುಟ್ಟ ಕಂಪ್ಯೂಟರ್ ಇಟ್ಟರೆ ಆಗಲ್ವಾ?' ಅಂತ ಎಂಜಿನಿಯರಿಂಗ್ ಓದೋ ಮಕ್ಕಳು ಕೇಳ್ತಾರೆ. ಒಳ್ಳೇ ಪ್ರಶ್ನೆ. ಉತ್ತರಕ್ಕೆ ಸ್ವಲ್ಪ ಹಿಂದೆ ಹೋಗಬೇಕು.

ವಿಮಾನ, ರೈಲು, ಜೇನು

ಎರಡನೇ ಮಹಾಯುದ್ಧದ ಕಾಲ. ಅಮೆರಿಕದ ಮನಶ್ಶಾಸ್ತ್ರಜ್ಞ ಜೇಮ್ಸ್ ಗಿಬ್ಸನ್ ಪೈಲಟ್‌ಗಳ ದೃಷ್ಟಿಯನ್ನ ಅಧ್ಯಯನ ಮಾಡ್ತಿದ್ದರು. ವಿಮಾನ ಇಳಿಸುವಾಗ ಪೈಲಟ್‌ಗೆ ದೂರ ಹೇಗೆ ಗೊತ್ತಾಗತ್ತೆ? ನೆಲದ ಮೇಲಿನ ಎಲ್ಲ ಚುಕ್ಕೆಗಳೂ ಕಣ್ಣಿನಲ್ಲಿ ಹೊರಮುಖವಾಗಿ ಹರಿದು ಹೋಗ್ತವೆ. ಒಂದೇ ಒಂದು ಜಾಗ ಮಾತ್ರ ಅಲ್ಲಾಡಲ್ಲ. ವಿಮಾನ ಹೋಗಿ ಮುಟ್ಟೋದು ಅಲ್ಲಿಗೇ. 1950ರಲ್ಲಿ ಬಂದ ಅವರ ಪುಸ್ತಕ ಈ ವಿಚಾರವನ್ನ ಗಟ್ಟಿ ಮಾಡಿತು.

ಇದನ್ನ ಅನುಭವಿಸೋಕೆ ವಿಮಾನವೇ ಬೇಕಿಲ್ಲ. ಸಕಲೇಶಪುರದಿಂದ ಸುಬ್ರಹ್ಮಣ್ಯಕ್ಕೆ ಘಾಟಿ ಇಳಿಯೋ ರೈಲಲ್ಲಿ ಕಿಟಕಿ ಪಕ್ಕ ಕೂತರೆ ಸಾಕು. ಹತ್ತಿರದ ಬಂಡೆ ಸರ್ರನೆ ಹಿಂದಕ್ಕೆ ಓಡತ್ತೆ, ಎದುರಿನ ಬೆಟ್ಟ ನಿಧಾನಕ್ಕೆ ಸರಿಯತ್ತೆ, ದೂರದ ಶಿಖರ ನಮ್ಮ ಜೊತೆಗೇ ಬರತ್ತೆ. ಹರಿವಿನ ವೇಗದಲ್ಲೇ ದೂರ ಅಡಗಿದೆ.

ಇಲ್ಲಿ ಬೆಂಗಳೂರಿನ ಒಂದು ಹೆಸರು ಬರತ್ತೆ: ಮಂಡ್ಯಂ ಶ್ರೀನಿವಾಸನ್. ಬೆಂಗಳೂರಿನಲ್ಲಿ ಎಲೆಕ್ಟ್ರಿಕಲ್ ಎಂಜಿನಿಯರಿಂಗ್ ಓದಿ, ಯೇಲ್‌ನಲ್ಲಿ ಡಾಕ್ಟರೇಟ್ ಮಾಡಿ, ಆಸ್ಟ್ರೇಲಿಯಾದಲ್ಲಿ ನೆಲೆ ನಿಂತ ವಿಜ್ಞಾನಿ. ಅವರು ಕೇಳಿದ್ದು ಜೇನುಹುಳು ದೂರ ಹೇಗೆ ಅಳೆಯತ್ತೆ ಅಂತ. ಎರಡು ಗೋಡೆಗಳ ನಡುವೆ ಜೇನು ಸರಿಯಾಗಿ ಮಧ್ಯದಲ್ಲೇ ಹಾರತ್ತೆ, ಯಾಕಂದ್ರೆ ಎಡಗಣ್ಣು ಬಲಗಣ್ಣುಗಳಲ್ಲಿ ಹರಿವು ಸಮ ಇರೋ ಹಾಗೆ ನೋಡಿಕೊಳ್ಳತ್ತೆ. ಒಂದು ಗೋಡೆಯ ಪಟ್ಟೆಗಳನ್ನ ಜೇನು ಹಾರೋ ದಿಕ್ಕಿಗೇ ಸರಿಸಿದರೆ, ಅದು ಆ ಗೋಡೆಯ ಕಡೆಗೇ ವಾಲತ್ತೆ. ಆಮೇಲೆ 2000ದಲ್ಲಿ ಅವರ ತಂಡ ತೋರಿಸಿದ್ದು ಇನ್ನೂ ಚೆಂದ: ಚಿತ್ತಾರ ತುಂಬಿದ, ಕೆಲವೇ ಮೀಟರಿನ ಇಕ್ಕಟ್ಟಾದ ಸುರಂಗದಲ್ಲಿ ಹಾರಿ ಬಂದ ಜೇನು ಗೂಡಿಗೆ ಹೋಗಿ ಕುಣಿತದಲ್ಲಿ 'ನೂರು ಮೀಟರಿಗೂ ಹೆಚ್ಚು ದೂರ ಹೋಗಿದ್ದೆ' ಅಂತ ವರದಿ ಕೊಟ್ಟಿತು. ಅದು ಅಳೆದದ್ದು ಮೀಟರನ್ನಲ್ಲ, ಕಣ್ಣ ಮುಂದೆ ಹರಿದ ಚಿತ್ರವನ್ನ. ಮಾರ್ಚ್, ಏಪ್ರಿಲ್‌ನಲ್ಲಿ ಹೂಮಳೆ ಬಿದ್ದು ಕಾಫಿ ತೋಟ ಬೆಳ್ಳಗಾದಾಗ ಗಿಡಗಳ ಸಾಲಿನ ನಡುವೆ ನುಗ್ಗೋ ಒಂದೊಂದು ಜೇನೂ ಈ ಲೆಕ್ಕ ಮಾಡ್ತಾನೇ ಹಾರ್ತಿರತ್ತೆ.

1981: ಒಂದು ಸಮೀಕರಣ, ಎರಡು ಪ್ರಶ್ನೆ

ಜೇನು ಮಾಡೋದನ್ನ ಯಂತ್ರ ಮಾಡಬೇಕಾದ್ರೆ ಗಣಿತ ಬೇಕು. 1981ರಲ್ಲಿ ಅಮೆರಿಕದ ಎರಡು ಕಡೆಯಿಂದ ಎರಡು ಪ್ರಬಂಧ ಬಂದವು. ಎಂಐಟಿಯಿಂದ ಹಾರ್ನ್ ಮತ್ತು ಶಂಕ್, ಕಾರ್ನೆಗಿ ಮೆಲನ್‌ನಿಂದ ಲೂಕಸ್ ಮತ್ತು ಕನಾಡೆ. ಇಬ್ಬರೂ ಒಂದೇ ನಂಬಿಕೆಯಿಂದ ಹೊರಟರು: ವಸ್ತು ಸರಿದರೂ ಅದರ ಮೇಲಿನ ಚುಕ್ಕೆಯ ಹೊಳಪು ಬದಲಾಗಲ್ಲ. ಆನೆಯ ಬೆನ್ನಿನ ಕಪ್ಪು ಚುಕ್ಕೆ ಮುಂದಿನ ಚಿತ್ರದಲ್ಲೂ ಅಷ್ಟೇ ಕಪ್ಪು.

ಕೇಳೋಕೆ ಸರಳ. ಆದ್ರೆ ತೊಡಕು ಇಲ್ಲೇ ಇದೆ. ಬಾಗಿಲಿನ ಸಣ್ಣ ತೂತಿನಿಂದ ಹೊರಗೆ ನೋಡ್ತಾ ಇದ್ದೀರಿ ಅಂದ್ಕೊಳ್ಳಿ. ಯಾರೋ ಉದ್ದನೆಯ ಬಿದಿರನ್ನ ಓರೆಯಾಗಿ ಹಿಡ್ಕೊಂಡು ಹೋಗ್ತಾರೆ. ತೂತಿನಲ್ಲಿ ಒಂದು ಓರೆ ಗೆರೆ ಸರಿದದ್ದು ಕಾಣತ್ತೆ. ಬಿದಿರು ಮೇಲೆ ಹೋಯ್ತಾ, ಪಕ್ಕಕ್ಕೆ ಹೋಯ್ತಾ? ಹೇಳೋಕೆ ಆಗಲ್ಲ. ಅಡ್ಡಕ್ಕೆ ಎಷ್ಟು, ಉದ್ದಕ್ಕೆ ಎಷ್ಟು ಅಂತ ಗೊತ್ತಾಗಬೇಕಾದ್ದು ಎರಡು. ಒಂದು ಚುಕ್ಕೆಯಿಂದ ಸಿಗೋ ಸಮೀಕರಣ ಒಂದೇ.

ಹಾಗಾಗಿ ಅಕ್ಕಪಕ್ಕದವರನ್ನ ಕೇಳಬೇಕು. ಲೂಕಸ್ ಮತ್ತು ಕನಾಡೆ 'ಈ ಸಣ್ಣ ಚೌಕದೊಳಗಿನ ಚುಕ್ಕೆಗಳೆಲ್ಲ ಒಟ್ಟಿಗೇ ಸರಿದಿವೆ' ಅಂತ ಊಹಿಸಿದರು. ಹಾರ್ನ್ ಮತ್ತು ಶಂಕ್ 'ಇಡೀ ಚಿತ್ರದ ಹರಿವು ನಯವಾಗಿರಬೇಕು, ಪಕ್ಕದವನಿಗಿಂತ ತೀರಾ ಬೇರೆ ಇರಬಾರದು' ಅಂದರು. ಮುಂದಿನ ನಲವತ್ತು ವರ್ಷದ ಚರಿತ್ರೆಯೆಲ್ಲ ಒಂದು ರೀತಿಯಲ್ಲಿ ಇದೇ ವಾದ: ನೆರೆಯವರನ್ನ ಎಷ್ಟು ನಂಬಬೇಕು?

2003ರಲ್ಲಿ ಸ್ವೀಡನ್ನಿನ ಲಿನ್‌ಶಾಪಿಂಗ್ ವಿಶ್ವವಿದ್ಯಾಲಯದ ಗುನ್ನಾರ್ ಫಾರ್ನೆಬ್ಯಾಕ್ ಇನ್ನೊಂದು ದಾರಿ ತೋರಿಸಿದರು. ಪ್ರತಿ ಚುಕ್ಕೆಯ ಸುತ್ತಲಿನ ಹೊಳಪನ್ನ ಒಂದು ಸಣ್ಣ ಗುಡ್ಡದ ಮೇಲ್ಮೈ ಅಂತ ಕಲ್ಪಿಸಿಕೊಳ್ಳಿ: ಏರು, ಇಳಿಜಾರು, ಬಾಗು. ಅದನ್ನ ಒಂದು ವರ್ಗ ಸಮೀಕರಣವಾಗಿ ಬರೀಬಹುದು. ಗುಡ್ಡ ಹಾಗೇ ಸರಿದರೆ ಸಮೀಕರಣದ ಗುಣಾಂಕಗಳು ಒಂದು ಗೊತ್ತಾದ ರೀತಿಯಲ್ಲಿ ಬದಲಾಗ್ತವೆ. ಆ ಬದಲಾವಣೆಯಿಂದ ಗುಡ್ಡ ಎಷ್ಟು ಸರಿಯಿತು ಅಂತ ಲೆಕ್ಕ ಹಾಕಬಹುದು. 1999ರಲ್ಲಿ ಇಂಟೆಲ್‌ನಲ್ಲಿ ಶುರುವಾಗಿದ್ದ ಓಪನ್‌ಸಿವಿ ಇದನ್ನ ತನ್ನೊಳಗೆ ಸೇರಿಸಿಕೊಂಡಿತು. ಸ್ವೀಡನ್ನಿನ ಪ್ರಬಂಧ ಹಾಸನದ ಹಾಸ್ಟೆಲ್ ಲ್ಯಾಪ್‌ಟಾಪಿಗೆ ಬಂದದ್ದು ಹೀಗೆ.

ಏಳು ತಿರುಗುಣಿಗಳು

ಈಗ ಆ ಅಂಕಿಗಳಿಗೆ ಬರೋಣ. ನಾನು ಆಲೂರು ಕಡೆಯ ಒಂದು ತೋಟದ ದಾರಿಯ ವಿಡಿಯೋ ಇಟ್ಕೊಂಡು ಒಂದೊಂದೇ ತಿರುಗಿಸಿ ನೋಡಿದೆ. ನೀವೂ ನೋಡಬಹುದು.

ಮೊದಲನೆಯದು 0.5, ಎರಡನೆಯದು 3. ಇವೆರಡೂ ಜೋಡಿ. ಚಿತ್ರವನ್ನ ಅರ್ಧ ಮಾಡು, ಅದನ್ನ ಮತ್ತೆ ಅರ್ಧ ಮಾಡು. ಮೂಲವೂ ಸೇರಿ ಮೂರು ಮೆಟ್ಟಿಲಿನ ಪಿರಮಿಡ್. ಯಾಕೆ ಬೇಕು ಇದು? ಲೆಕ್ಕ ಮಾಡೋಣ. ಆನೆ ಗಂಟೆಗೆ 5 ಕಿಲೋಮೀಟರ್ ನಡೆದರೆ ಸೆಕೆಂಡಿಗೆ ಸುಮಾರು 1.4 ಮೀಟರ್. ಕ್ಯಾಮೆರಾದಲ್ಲಿ ಒಂದು ಮೀಟರ್ ಅಂದ್ರೆ 20 ಪಿಕ್ಸೆಲ್ ಅಂತಿಟ್ಟುಕೊಳ್ಳಿ. ಸೆಕೆಂಡಿಗೆ 15 ಚಿತ್ರ ತೆಗೆದರೆ ಆನೆ ಪ್ರತಿ ಚಿತ್ರಕ್ಕೆ ಎರಡು ಪಿಕ್ಸೆಲ್ ಸರಿಯತ್ತೆ. ಸುಲಭ. ಆದ್ರೆ ಬ್ಯಾಟರಿ ಉಳಿಸೋಕೆ ಸೆಕೆಂಡಿಗೆ ಒಂದೇ ಚಿತ್ರ ತೆಗೆದರೆ? 28 ಪಿಕ್ಸೆಲ್ ನೆಗೆತ. ಸಣ್ಣ ಗುಡ್ಡದ ಲೆಕ್ಕ ಅಷ್ಟು ದೂರ ನೋಡಲಾರದು. ಕಾಲು ಭಾಗಕ್ಕೆ ಇಳಿಸಿದ ಚಿತ್ರದಲ್ಲಿ ಅದು 7 ಪಿಕ್ಸೆಲ್ ಆಗತ್ತೆ. ಅಲ್ಲಿ ಅಂದಾಜು ಹಿಡಿದು, ಒಂದೊಂದೇ ಮೆಟ್ಟಿಲು ಇಳೀತಾ ತಿದ್ದಿಕೊಳ್ಳತ್ತೆ. ಸೆಕೆಂಡಿಗೆ ಚಿತ್ರ ಕಡಿಮೆಯಾದಷ್ಟೂ ಮೆಟ್ಟಿಲು ಹೆಚ್ಚಿಸಿ.

ಮೂರನೆಯದು 15, ಅಂದ್ರೆ ಎಷ್ಟು ಅಗಲದ ನೆರೆಯವರನ್ನ ಸೇರಿಸಿ ಸರಾಸರಿ ತೆಗೀಬೇಕು ಅನ್ನೋದು. ಇದೇ ಮುಖ್ಯ ತಿರುಗುಣಿ. ಚಿಕ್ಕದು ಮಾಡಿದರೆ ಎಲೆ ಎಲೆಯೂ ಬೇರೆ ಬೇರೆ ಕಾಣತ್ತೆ, ಗದ್ದಲವೂ ಕಾಣತ್ತೆ. ದೊಡ್ಡದು ಮಾಡಿದರೆ ಗದ್ದಲ ಅಡಗತ್ತೆ, ವೇಗದ ಚಲನೆಯೂ ಸಿಗತ್ತೆ, ಆದ್ರೆ ಅಂಚು ಮಸುಕಾಗಿ ಆನೆಯೂ ಪಕ್ಕದ ಗಿಡವೂ ಒಂದೇ ಮುದ್ದೆ ಆಗತ್ತೆ. ರಾತ್ರಿಯ ಇನ್‌ಫ್ರಾರೆಡ್ ಚಿತ್ರದಲ್ಲಿ ಆನೆಯ ಮೈ ನುಣ್ಣನೆಯ ಒಂದೇ ಬಣ್ಣ. ನುಣುಪಾದ ಕಡೆ ಏರಿಲ್ಲ, ಇಳಿಜಾರಿಲ್ಲ, ಹಾಗಾಗಿ ಲೆಕ್ಕವೂ ಇಲ್ಲ. ಅಂಚಷ್ಟೇ ಚಲಿಸಿದ ಹಾಗೆ ಕಾಣತ್ತೆ. ಅಲ್ಲಿ 15ರ ಬದಲು 25, 31 ಕೊಟ್ಟರೆ ನಡುವಿನ ಖಾಲಿ ತುಂಬಿಕೊಳ್ಳತ್ತೆ.

ನಾಲ್ಕನೆಯದು, ಮತ್ತೆ 3: ಪ್ರತಿ ಮೆಟ್ಟಿಲಲ್ಲಿ ಎಷ್ಟು ಸಲ ತಿದ್ದಬೇಕು ಅನ್ನೋದು. ಹೆಚ್ಚಿಸಿದರೆ ಸಮಯ ತಿನ್ನತ್ತೆ. ಐದು ಮತ್ತು ಆರನೆಯದು ಮತ್ತೆ ಜೋಡಿ: ಆ 'ಗುಡ್ಡ'ದ ಅಗಲ 5, ಅದರ ನಯ 1.2. ಓಪನ್‌ಸಿವಿ ದಾಖಲೆ ಹೇಳೋದು 5ಕ್ಕೆ 1.1, 7ಕ್ಕೆ 1.5 ಒಳ್ಳೆಯದು ಅಂತ. ಜನ ನಕಲು ಮಾಡೋ ಉದಾಹರಣೆಯಲ್ಲಿರೋದು 1.2! ಅಂದ್ರೆ ಇವು ವೇದವಾಕ್ಯ ಅಲ್ಲ, ಅಡುಗೆಯ ಉಪ್ಪಿನ ಹಾಗೆ. ಕೊನೆಯ 0ಗೆ ಬದಲಾಗಿ ಗೌಸಿಯನ್ ಅನ್ನೋ ಆಯ್ಕೆ ಕೊಟ್ಟರೆ ಹತ್ತಿರದ ನೆರೆಯವರಿಗೆ ಹೆಚ್ಚು ಬೆಲೆ, ದೂರದವರಿಗೆ ಕಡಿಮೆ. ನಿಖರತೆ ಜಾಸ್ತಿ, ವೇಗ ಕಮ್ಮಿ.

ಇಷ್ಟಾದ ಮೇಲೆ ಬರೋ ಉತ್ತರ ಎಷ್ಟು ದೊಡ್ಡದು ಗೊತ್ತಾ? 1280ಕ್ಕೆ 720ರ ಒಂದು ಚಿತ್ರದಲ್ಲಿ 9,21,600 ಚುಕ್ಕೆ. ಒಂದೊಂದಕ್ಕೂ ಎರಡು ಸಂಖ್ಯೆ. ಒಟ್ಟು 18,43,200 ಸಂಖ್ಯೆಗಳು, ಪ್ರತಿ ಚಿತ್ರಕ್ಕೂ. ಸಣ್ಣ ಬೋರ್ಡಿನ ಮೇಲೆ ಓಡಿಸಬೇಕಾದ್ರೆ ಮೊದಲು ಚಿತ್ರವನ್ನೇ ಚಿಕ್ಕದು ಮಾಡಿ. ಆನೆ ದೊಡ್ಡ ಪ್ರಾಣಿ, 320 ಪಿಕ್ಸೆಲ್ ಅಗಲದ ಚಿತ್ರದಲ್ಲೂ ಅದು ಅಡಗಿಕೊಳ್ಳಲ್ಲ.

ಮಂಜರಾಬಾದಿನ ಪಾಠ

ಸಕಲೇಶಪುರದ ಬಳಿ ಟಿಪ್ಪು 1792ರಲ್ಲಿ ಕಟ್ಟಿಸಿದ ನಕ್ಷತ್ರಾಕಾರದ ಕೋಟೆ ಇದೆ. ಸುತ್ತ ಮಂಜು ಕವಿದದ್ದು ನೋಡಿ ಮಂಜರಾಬಾದ್ ಅಂತ ಹೆಸರಿಟ್ಟ ಅನ್ನೋದು ಜನ ಹೇಳೋ ಕಥೆ. ಎಷ್ಟೇ ಒಳ್ಳೆಯ ಕಾವಲು ಕೋಟೆಯಾದರೂ ಮಂಜು ಬಿದ್ದರೆ ಕಣ್ಣಿಗೆ ಕೆಲಸ ಇಲ್ಲ. ನಮ್ಮ ಕ್ಯಾಮೆರಾಕ್ಕೂ ಅಷ್ಟೇ.

ಮಂಜು ಎರಡು ಕೆಲಸ ಮಾಡತ್ತೆ. ಬಣ್ಣಗಳ ವ್ಯತ್ಯಾಸ ಅಳಿಸಿ ಲೆಕ್ಕಕ್ಕೆ ಹಿಡಿಯೇ ಇಲ್ಲದ ಹಾಗೆ ಮಾಡತ್ತೆ. ಜೊತೆಗೆ ತಾನೇ ತೇಲಿ ಹೋಗ್ತಾ ಚಲನೆಯ ಹಾಗೆ ಕಾಣತ್ತೆ. ಆಮೇಲೆ ಜೀಪಿನ ಹೆಡ್‌ಲೈಟ್: ಬೆಳಕು ಮರದಿಂದ ಮರಕ್ಕೆ ಹರೀತಾ ಹೋದರೆ ಕಂಪ್ಯೂಟರಿಗೆ ಮರಗಳೇ ನಡೆದ ಹಾಗೆ. 1981ರ ಆ ನಂಬಿಕೆ, ಹೊಳಪು ಬದಲಾಗಲ್ಲ ಅನ್ನೋದು, ಇಲ್ಲಿ ಮುರಿದು ಬೀಳತ್ತೆ. ಗಾಳಿಗೆ ಕ್ಯಾಮೆರಾ ಕಟ್ಟಿದ ಕಂಬವೇ ಅಲ್ಲಾಡಿದರೆ ಇಡೀ ಲೋಕ ಅಲ್ಲಾಡತ್ತೆ.

ಇದಕ್ಕೆ ಏಳು ಅಂಕಿಗಳಲ್ಲಿ ಮದ್ದಿಲ್ಲ, ಅವುಗಳ ಆಚೆ ಇದೆ. ಕಂಬ ಅಲ್ಲಾಡಿದ್ರೆ ಎಲ್ಲ ಚುಕ್ಕೆಗಳೂ ಒಟ್ಟಿಗೇ ಸರೀತವೆ. ಇಡೀ ಚಿತ್ರದ ನಡುಮೌಲ್ಯ ತೆಗೆದು ಪ್ರತಿಯೊಂದರಿಂದ ಕಳೆದುಬಿಡಿ. ಎಲೆಗೆ ಇನ್ನೊಂದು ಗುಣ: ಆ ಕಡೆ ಹೋಗತ್ತೆ, ಈ ಕಡೆ ಬರತ್ತೆ. ನಾಲ್ಕೈದು ಸೆಕೆಂಡಿನ ಬಾಣಗಳನ್ನ ಕೂಡಿಸಿದರೆ ಹೆಚ್ಚುಕಡಿಮೆ ಸೊನ್ನೆ. ಆನೆ ಹಾಗಲ್ಲ, ಅದಕ್ಕೊಂದು ಗುರಿ ಇದೆ. ಹಲಸಿನ ಮರವೋ, ಭತ್ತದ ಗದ್ದೆಯೋ, ಕೆರೆಯೋ. ಕೂಡಿಸ್ತಾ ಹೋದರೆ ಅದರ ಬಾಣ ಬೆಳೀತಾ ಹೋಗತ್ತೆ. ನನಗೆ ಇಡೀ ವಿಷಯದಲ್ಲಿ ತುಂಬ ಹಿಡಿಸಿದ್ದು ಇದೇ: ಗದ್ದಲಕ್ಕೂ ಜೀವಕ್ಕೂ ಇರೋ ವ್ಯತ್ಯಾಸ ಎಷ್ಟು ಅಲ್ಲಾಡ್ತು ಅನ್ನೋದರಲ್ಲಿಲ್ಲ, ಎಲ್ಲಿಗೆ ಹೊರಟಿದೆ ಅನ್ನೋದರಲ್ಲಿದೆ.

ಹಾಗಾದ್ರೆ ಹಳೇ ವಿಧಾನ ಯಾಕೆ, ಎಐ ಇಲ್ವಾ ಅಂತ ಕೇಳ್ತೀರಿ. ಇದೆ. 2015ರಲ್ಲಿ ಫ್ಲೋನೆಟ್, 2020ರಲ್ಲಿ ರಾಫ್ಟ್ ಬಂದು ನಿಖರತೆಯಲ್ಲಿ ಹಳೆಯವನ್ನೆಲ್ಲ ಹಿಂದೆ ಹಾಕಿದವು. ಆದ್ರೆ ಅವಕ್ಕೆ ಒಳ್ಳೇ ಗ್ರಾಫಿಕ್ಸ್ ಕಾರ್ಡ್ ಬೇಕು. ಕರೆಂಟ್ ಹೋಗೋ, ನೆಟ್‌ವರ್ಕ್ ಸಿಗದ ಗುಡ್ಡದಲ್ಲಿ ಸೋಲಾರ್ ಮೇಲೆ ಓಡಬೇಕಾದ್ರೆ ಫಾರ್ನೆಬ್ಯಾಕ್‌ಗೆ ಇನ್ನೂ ಜಾಗ ಇದೆ. ಅದು 'ಅಲ್ಲಿ ಏನೋ ಹೊರಟಿದೆ' ಅಂತ ಎಬ್ಬಿಸಲಿ; 'ಅದು ಆನೆಯಾ, ಹಸುವಾ' ಅಂತ ಗುರುತಿಸೋ ಭಾರದ ಕೆಲಸ ಆಮೇಲೆ ಶುರುವಾಗಲಿ.

ಅಲ್ಲಾಡದ ಆನೆ

ಈಗ ಪ್ರಾಣಕ್ಕೆ ಸಂಬಂಧಪಟ್ಟ ಮಾತು. ಎಷ್ಟು ಚಲನೆ ಕಂಡರೆ ಗಂಟೆ ಬಾರಿಸಬೇಕು ಅನ್ನೋ ಮಿತಿಯನ್ನ ಯಾರೋ ಒಬ್ಬರು ಕೂತು ಬರೀತಾರೆ. ತೀರಾ ಕೆಳಗಿಟ್ಟರೆ ಪ್ರತಿ ಗಾಳಿಗೂ ಮೊಬೈಲ್ ಬಡ್ಕೊಳ್ಳತ್ತೆ. ಒಂದು ವಾರದಲ್ಲಿ ಜನ ಮ್ಯೂಟ್ ಮಾಡ್ತಾರೆ. ತೀರಾ ಮೇಲಿಟ್ಟರೆ ನಿಧಾನಕ್ಕೆ ಮೇಯ್ತಾ ಬರೋ ಒಂಟಿ ಸಲಗ ತಪ್ಪಿಹೋಗತ್ತೆ. ಸುಳ್ಳು ಗಂಟೆಯ ಬೆಲೆ ಒಂದು ನಿದ್ದೆ. ಬಾರಿಸದ ಗಂಟೆಯ ಬೆಲೆ ಏನು ಅಂತ ಆ ಊರಿನವರನ್ನ ಕೇಳಿ. ಹಾಗಾಗಿ ಈ ಮಿತಿ ಬರೆಯೋಕೆ ಲ್ಯಾಪ್‌ಟಾಪ್ ಇರೋರ ಜೊತೆ ಬೆಳಗ್ಗೆ ಏಳಕ್ಕೆ ಆ ದಾರಿಯಲ್ಲಿ ನಡೆಯೋರೂ ಕೂರಬೇಕು.

ಇನ್ನೊಂದು ವಿಷಯ ಇದಕ್ಕಿಂತ ದೊಡ್ಡದು. ಆನೆ ಮನುಷ್ಯರ ಸದ್ದು ಕೇಳಿದರೆ ಎಷ್ಟೋ ಸಲ ಓಡಲ್ಲ. ನಿಲ್ಲತ್ತೆ, ಕಾಫಿ ಗಿಡದ ಹಿಂದೆ ಅಲುಗಾಡದೆ. ಚಲನೆಯ ಹರಿವಿನ ಲೆಕ್ಕದಲ್ಲಿ ನಿಂತ ಆನೆ ಅಂದ್ರೆ ಸೊನ್ನೆ. ಅದು ಅಲ್ಲಿ ಇಲ್ಲವೇ ಇಲ್ಲ. ದಾರಿಯಲ್ಲಿ ಎದುರಾಗೋ ಅಪಾಯವೂ ಹೆಚ್ಚಾಗಿ ಇದೇ ನಿಂತ ಆನೆಯದು. ಚಲನೆ ನಿಂತ ತಕ್ಷಣ 'ಆನೆ ಹೋಯ್ತು' ಅಂತ ಸಂದೇಶ ಕಳಿಸೋ ಯಂತ್ರ, ಯಂತ್ರವೇ ಇಲ್ಲದಿರೋದಕ್ಕಿಂತ ಕೆಟ್ಟದ್ದು.

ಅದಕ್ಕೆ ನಿಯಮ ಹೀಗಿರಬೇಕು: ಒಳಗೆ ಹೋದದ್ದು ಕಂಡಿದೆ, ಹೊರಗೆ ಬಂದದ್ದು ಕಂಡಿಲ್ಲ, ಅಂದ್ರೆ ಒಳಗೇ ಇದೆ. ಹಳೇ ಟ್ರ್ಯಾಕರ್‌ಗಳು ಮಾಡೋದೂ ಇದನ್ನೇ. ತೋಟದೊಳಗೆ ಹೋದ ಹೆಜ್ಜೆ ಸಿಕ್ಕಿ, ಹೊರಗೆ ಬಂದ ಹೆಜ್ಜೆ ಸಿಗದಿದ್ರೆ, ಎಷ್ಟೇ ನಿಶ್ಶಬ್ದ ಇದ್ದರೂ ಅವರು ಕೆಲಸದವರನ್ನ ಒಳಗೆ ಬಿಡಲ್ಲ. ಏಳು ಅಂಕಿ ಚಲನೆಯನ್ನ ಹೇಳ್ತವೆ. ಎಂಟನೆಯದಾಗಿ ನೆನಪು ಬೇಕು, ಅದನ್ನ ನಾವೇ ಸೇರಿಸಬೇಕು.

ಈ ವಾರಕ್ಕೆ ಇಷ್ಟು. ನಿಮ್ಮ ಊರ ಕಡೆ ಯಾರಾದ್ರೂ ಕ್ಯಾಮೆರಾ ಇಟ್ಟು ಆನೆ ಕಾಯೋ ಪ್ರಯತ್ನ ಮಾಡ್ತಾ ಇದ್ರೆ ಅವರಿಗೆ ಈ ಸಂಚಿಕೆ ಕಳಿಸಿ. ಸಕಲೇಶಪುರ ಕಡೆ ಹೊರಟಿದ್ರೆ ರಸ್ತೆ ಬದಿಯ ಕೆಂಪು ಅಕ್ಷರದ ಫಲಕ ಓದಿಕೊಂಡು ಹೋಗಿ. ಅದನ್ನ ಸೆಲ್ಫಿಗೆ ಅಂತ ಹಾಕಿಲ್ಲ. ಮತ್ತೆ ಸಿಗೋಣ.